ನಕಲಿ ಸ್ಪೀಡ್‌ಸ್ಟರ್ ಮಾರಿದ ಕಥೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮನೆ ಗ್ಯಾರೇಜಲ್ಲಿದ್ದ ಪೋರ್ಷೆ 356 ಸ್ಪೀಡ್‌ಸ್ಟರ್ ಕೊನೆಗೂ ಹೋಯ್ತು. ಪೋರ್ಷೆ ಅಂತ ಬಾಯಿಗೆ ಬರುತ್ತೆ ಅಷ್ಟೆ, ನಂದು ರೆಪ್ಲಿಕಾ, ಮೈಯೆಲ್ಲಾ ಫೈಬರ್‌ಗ್ಲಾಸು, ಕೆಳಗಡೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಫ್ಲೋರ್ ಪ್ಯಾನನ್ನ, ಅಂದ್ರೆ ತಳದ ಚೌಕಟ್ಟನ್ನ, ಹೆಚ್ಚುಕಮ್ಮಿ ಒಂದಡಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಿರೋದು. ಅಸಲಿ ಬಂದಿದ್ದು 1954ರಲ್ಲಿ, ಅಮೆರಿಕಕ್ಕೆ ಅಗ್ಗದ್ದೊಂದು ಬೇಕು ಅಂತ ನ್ಯೂಯಾರ್ಕಲ್ಲಿ ಪೋರ್ಷೆ ತರಿಸ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಬೆನ್ನು ಬಿದ್ದು ಮಾಡಿಸಿದ್ದು, ಬೆಲೆ 2,995 ಡಾಲರ್, ಅದಕ್ಕೇ ಬಾಗಿಲಿಗೆ ಗಾಜೂ ಇಲ್ಲ, ಮಳೆ ಬಂದ್ರೆ ಸೈಡ್ ಕರ್ಟನ್ ಸಿಗಿಸ್ಕೋಬೇಕು. ಈಗ ಅದೇ ಗಾಡಿಗೆ ಲಕ್ಷಗಟ್ಟಲೆ ಡಾಲರ್, ನಮ್ಮಂಥೋರು ದೂರದಿಂದ ಕೈಮುಗಿಯೋದೇ ಸರಿ.

ನಂದಕ್ಕೆ ಸುಬಾರು 2.5 ಲೀಟರ್ ಇಂಜಿನ್, ನಾಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಮುಂದೆ ರೇಡಿಯೇಟರು, ಹೀಟರು. ಹಳೇದರ ಸಾದಾ ಇಂಜಿನ್ 55 ಹಾರ್ಸ್‌ಪವರ್ ಕೊಡ್ತಿತ್ತು, ಇದು ಅದರ ಮೂರರಷ್ಟು. ಓಡಿಸೋಕೆ ಭಾರೀ ಮಜಾ, ಮಾರೋಕೆ ಅಷ್ಟೇ ಕಷ್ಟ. ಪೋರ್ಷೆ ಹುಚ್ಚಿರೋರು ನಕಲಿ ಅಂತ ತಿರುಗೂ ನೋಡಲ್ಲ, ಫೋಕ್ಸ್‌ವ್ಯಾಗನ್ ಕಡೆಯೋರು ಬಂದು ಆ ಹಳೇ ಸೌಂಡೇ ಇಲ್ವಲ್ಲ ಅಂತಾರೆ, ಇನ್ನು ಬರೀ ಫೋಟೋಗೆ ಬೇಕಾದೋರಿಗೆ ಸುಬಾರು ಇಂಜಿನ್ನಿಗ್ಯಾಕೆ ದುಡ್ಡು ಕೊಡ್ಬೇಕೋ ತಿಳಿಯಲ್ಲ. ಒಬ್ಬ ಪುಣ್ಯಾತ್ಮ, ಜಾಹೀರಾತಲ್ಲಿ ರೆಪ್ಲಿಕಾ ಅಂತ ಮೊದಲ ಸಾಲಲ್ಲೇ ಬರೆದಿದ್ರೂ ಜೇಬಿಂದ ಮ್ಯಾಗ್ನೆಟ್ ತೆಗೆದು ಬಾಗಿಲಿಗೆ ಇಟ್ಟ, ಅದು ಟಪ್ ಅಂತ ಕೆಳಗೆ ಬಿತ್ತು, ನನ್ನ ಮುಖ ನೋಡ್ದ. ನಾನೇನ್ ಹೇಳ್ಲಿ?

ತಗೊಂಡಿದ್ದು ಒಬ್ರು ರಿಟೈರ್ಡ್ ಏರ್‌ಕ್ರಾಫ್ಟ್ ಮೆಕ್ಯಾನಿಕ್. ಪೇಂಟು, ಸೀಟು ಕಡೆ ಕಣ್ಣೂ ಹಾಕ್ಲಿಲ್ಲ, ಬೋನೆಟ್ ಮೇಲೆ ಕೈಯಿಟ್ಟು ಇಂಜಿನ್ ಎಲ್ಲಿ ಅಂತ ನೆನಪಾಗಿ ನಗ್ತಾ ಹಿಂದಕ್ಕೆ ಹೋಗಿ ಮುಟ್ಟಿ, ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡೇ ಸ್ಟಾರ್ಟ್ ಮಾಡ್ಸಿದ್ರು. ಆಮೇಲೆ ರಟ್ಟು ಹಾಸ್ಕೊಂಡು ಕೆಳಗೆ ನುಗ್ಗಿ, ಟಾರ್ಚ್ ಬಿಟ್ಟು, ಪ್ಯಾನ್ ಕತ್ತರಿಸಿ ಬೆಸೆದ ಗೆರೆ ಉದ್ದಕ್ಕೂ ಉಗುರಲ್ಲಿ ಗೀರ್ತಾ ಹೋದ್ರು. ರೇಡಿಯೇಟರಿಗೆ ಹೋಗೋ ಪೈಪಲ್ಲಿ ಗಾಳಿ ಸಿಕ್ಕೊಂಡ್ರೆ ಹೇಗೆ ತೆಗೀತೀರಿ ಅಂದ್ರು. ಹೇಳ್ದೆ. ಹಾಗೇ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತೆ, ಮೇಲಿನ ಬಟ್ಟೆ ಟಾಪ್‌ನ ಹಿಂದಿನ ಹೊಲಿಗೆ ಬಿಟ್ಟಿದೆ ಅನ್ನೋದನ್ನೂ ಹೇಳ್ದೆ. ಕಾಫಿ ತಂದ ನನ್ನ ಹೆಂಡತಿ, "ಎಲ್ಲಾ ನೀವೇ ಹೇಳ್ಬಿಟ್ರೆ ಅವ್ರು ಚೌಕಾಸಿ ಮಾಡದೇ ಬಿಡ್ತಾರೇನ್ರೀ" ಅಂತ ಕನ್ನಡದಲ್ಲಿ ಗೊಣಗಿದ್ಳು.

ಮಾಡಿದ್ರು. 38 ಸಾವಿರ ಡಾಲರ್ ಕೇಳಿದ್ದೆ, 34ಕ್ಕೆ ನಿಂತಿತು. ಪಿಂಕ್ ಸ್ಲಿಪ್ಪಲ್ಲಿ, ಅಂದ್ರೆ ಗಾಡಿ ಒಡೆತನದ ಪತ್ರದಲ್ಲಿ, '1969 ಫೋಕ್ಸ್‌ವ್ಯಾಗನ್' ಅಂತಿರೋದನ್ನ ಅವ್ರು ಎರಡು ಸಲ ಓದಿದ್ರು, ಚಾಸಿ ನಂಬರ್ ಜೊತೆ ತಾಳೆ ನೋಡಿ ಆಮೇಲೇ ಬ್ಯಾಂಕಿಗೆ ಬಂದ್ರು. ಬ್ಯಾಂಕೇ ಬರೆದುಕೊಡೋ ಕ್ಯಾಷಿಯರ್ಸ್ ಚೆಕ್ಕನ್ನ ನನ್ನ ಕಣ್ಣೆದುರೇ ಕೌಂಟರಲ್ಲಿ ಮಾಡಿಸಿದ್ರು, ನಾನೂ ಬೇರೆ ಥರ ಒಪ್ತಿರ್ಲಿಲ್ಲ ಬಿಡಿ. ಗಾಡಿ ಕೈಬಿಟ್ಟಿದ್ದನ್ನ ಐದು ದಿನದೊಳಗೆ ಡಿಎಂವಿಗೆ, ಅಂದ್ರೆ ಇಲ್ಲಿನ ಆರ್‌ಟಿಓ ಥರದ ಆಫೀಸಿಗೆ, ತಿಳಿಸ್ಬೇಕು ಅನ್ನೋದು ಇಲ್ಲಿನ ರೂಲು, ಇಲ್ಲಾಂದ್ರೆ ತಗೊಂಡೋರ ಪಾರ್ಕಿಂಗ್ ಫೈನು ನಮ್ಮ ವಿಳಾಸಕ್ಕೆ ಬರುತ್ತೆ. ಅವತ್ತು ರಾತ್ರಿ ಊಟಕ್ಕೆ ಮುಂಚೆನೇ ಫಾರಂ ತುಂಬಿ ಕಳಿಸ್ದೆ.