ಗೋಧಿ ಕೊಯ್ಯುವವರ ಸ್ಟ್ಯಾಂಪ್: ಆಲ್ಬಮ್ ಎಲ್ಲಿಗೆ ಬಂತು

ಹಂಗೆರಿಯ ಒಂದೇ ಒಂದು ಸ್ಟ್ಯಾಂಪಿನ ಬೆನ್ನು ಹತ್ತಿ ಆಲ್ಬಮ್ ಮಾಡುವ ಕೆಲಸ ಅರ್ಧ ದಾಟಿದೆ. 1916ರಲ್ಲಿ ಹೊರಬಂದ ಸ್ಟ್ಯಾಂಪ್ ಅದು. ಚಿತ್ರ ಸರಳ: ಹೊಲದಲ್ಲಿ ಗೋಧಿ ಕೊಯ್ಯುತ್ತಿರುವ ರೈತರು. ಅದೇ ಸರಣಿಯ ಹೆಚ್ಚಿನ ಬೆಲೆಯ ಸ್ಟ್ಯಾಂಪುಗಳಿಗೆ ಬುಡಾಪೆಸ್ಟಿನ ಪಾರ್ಲಿಮೆಂಟ್ ಕಟ್ಟಡ. ಮಾರುಕಟ್ಟೆಯಲ್ಲಿ ಈ ರೈತರಿಗೆ ಬೆಲೆಯೇ ಇಲ್ಲ, ಒಟ್ಟಾಗಿ ಮಾರುವ ಲಾಟ್‌ಗಳಲ್ಲಿ ಸುಮ್ನೆ ತುಂಬಿಸಿ ಕೊಡುತ್ತಾರೆ. ನನಗೆ ಬೇಕಾಗಿದ್ದು ಇವರೇ. 1918ರಿಂದ 1921ರವರೆಗೆ ಆ ಸೀಮೆಯಲ್ಲಿ ಗದ್ದುಗೆ ಹಿಡಿದವರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನು ಇದೇ ಚಿತ್ರದ ಮೇಲೆ ಅಚ್ಚೊತ್ತಿದರು. ಹೊಸ ಸ್ಟ್ಯಾಂಪ್ ಮಾಡಿಸುವಷ್ಟು ಪುರುಸೊತ್ತು ಯಾರಿಗಿತ್ತು?

ಮೊದಲ ಹಾಳೆ ಸಲೀಸಾಗಿ ಮುಗಿಯಿತು. ಓವರ್‌ಪ್ರಿಂಟ್ (ಆಮೇಲೆ ಮೇಲೊತ್ತಿದ ಅಚ್ಚು) ಇಲ್ಲದ ಮೂಲ ಸ್ಟ್ಯಾಂಪುಗಳು, ಹಂಗೆರಿಯ ಪುಡಿ ನಾಣ್ಯದ ಲೆಕ್ಕದಲ್ಲಿ 2 ಫಿಲ್ಲೇರ್‌ನಿಂದ 40ರವರೆಗೆ. ಇವು ಬಂದ ವರ್ಷವೇ, ನವೆಂಬರ್ 21ಕ್ಕೆ, ಸುಮಾರು 68 ವರ್ಷ ಆಳಿದ್ದ ರಾಜ ಫ್ರಾಂಜ್ ಜೋಸೆಫ್ ತೀರಿಕೊಂಡ. ಪಟ್ಟಕ್ಕೆ ಬಂದ ಕಾರ್ಲ್‌ಗೆ ಸಿಕ್ಕಿದ್ದು ಎರಡು ವರ್ಷ ಮಾತ್ರ.

ಎರಡನೇ ಹಾಳೆಯೂ ತುಂಬಿದೆ. 1918ರ ಅಕ್ಟೋಬರ್ ಕೊನೆಯಲ್ಲಿ ಬುಡಾಪೆಸ್ಟ್‌ನಲ್ಲಿ ಕ್ರಾಂತಿಯಾಗಿ ಮಿಹಾಯ್ ಕಾರೊಯಿ ಅಧಿಕಾರಕ್ಕೆ ಬಂದ. ನವೆಂಬರ್ 16ಕ್ಕೆ ಗಣರಾಜ್ಯ ಘೋಷಣೆ. ಕೂಡಲೇ ರೈತರ ಮೇಲೆ ‘ಗಣರಾಜ್ಯ’ ಎಂಬ ಅಚ್ಚು ಬಿತ್ತು. ಅದೇ ವರ್ಷ ಕಾರ್ಲ್ ಮತ್ತು ರಾಣಿ ಜೀತಾ ಅವರ ಮುಖವಿರುವ ಸ್ಟ್ಯಾಂಪುಗಳೂ ಬಂದಿದ್ದವು. ಅವನ್ನೂ ಬಿಡಲಿಲ್ಲ. ರಾಜ ರಾಣಿಯ ಮುಖದ ಮೇಲೇ ಗಣರಾಜ್ಯ ಅಂತ ಒತ್ತಿ ಅಂಚೆ ಕಚೇರಿಯಲ್ಲಿ ಮಾರಿದರು. ನಾನು ರೈತರಿಗೆ ಮಾತ್ರ ಎಂದುಕೊಂಡಿದ್ದ ಆಲ್ಬಮ್‌ಗೆ ಆ ಜೋಡಿಯನ್ನೂ ಸೇರಿಸಿದೆ. ತಡೆಯಲು ಆಗಲಿಲ್ಲ.

ಈ ಹಾಳೆಯ ವಿವರಣೆ ಬರೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಚಿತ್ರದಲ್ಲಿ ಕೊಯ್ಲು ಮಾಡುವವರಿಗೆ ಅಷ್ಟರಲ್ಲಿ ಏನಾದರೂ ಸಿಕ್ಕಿತ್ತಾ ಎಂಬುದು ನನ್ನ ಪ್ರಶ್ನೆ. ಹೊಸ ಸರ್ಕಾರ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು, ಆದರೆ ವಯಸ್ಸು 24 ದಾಟಿ ಓದು ಬರಹ ಬಲ್ಲವರಿಗೆ ಮಾತ್ರ. ಕಾರೊಯಿ ದೊಡ್ಡ ಜಮೀನುದಾರ ಮನೆತನದವನು. 1919ರ ಫೆಬ್ರವರಿಯಲ್ಲಿ ಕಾಪೊಲ್ನಾ ಎಂಬಲ್ಲಿ ತನ್ನದೇ ಜಮೀನು ಹಂಚಲು ಶುರುಮಾಡಿದ. ಅದು ಮುಂದುವರಿಯುವ ಮೊದಲೇ, ಮಾರ್ಚ್ 21ಕ್ಕೆ, ಅವನ ಸರ್ಕಾರವೇ ಹೋಯಿತು.

ಮೂರನೇ ಹಾಳೆ ಆಮೇಲೆ ಬಂದ ಕಮ್ಯುನಿಸ್ಟ್ ನಾಯಕ ಬೇಲಾ ಕುನ್‌ನ ಸೋವಿಯತ್ ಗಣರಾಜ್ಯದ್ದು. 133 ದಿನ ಬಾಳಿದ ಸರ್ಕಾರ. ಮಾರ್ಕ್ಸ್, ಎಂಗೆಲ್ಸ್, ಕವಿ ಪೆಟೋಫಿ, ರೈತರ ದಂಗೆ ನಡೆಸಿದ್ದ ಡೋಜಾ ಇವರೆಲ್ಲರ ಮುಖವಿಟ್ಟು ಹೊಸ ಸ್ಟ್ಯಾಂಪ್ ಮಾಡಿಸುವಷ್ಟು ಸಮಯ ಇವರಿಗೆ ಸಿಕ್ಕಿತು. ಜೊತೆಗೆ ಗೋಧಿ ರೈತರನ್ನೂ ಮತ್ತೆ ಅಚ್ಚು ಹಾಕಿಸಿದರು, ‘ರಾಯಲ್’ ಎಂಬುದನ್ನು ಕಿತ್ತು ಬರೀ ‘ಹಂಗೆರಿ ಅಂಚೆ’ ಎಂದು. ಜುಲೈನಲ್ಲಿ ಅದರ ಮೇಲೆ ಕೆಂಪು ಶಾಯಿಯಲ್ಲಿ ಸೋವಿಯತ್ ಗಣರಾಜ್ಯದ ಹೆಸರು ಒತ್ತಿದರು. ಭೂಮಿಯ ವಿಷಯದಲ್ಲಿ ಮಾತ್ರ ಇವರು ರೈತರ ಮನಸ್ಸು ಗೆಲ್ಲಲಿಲ್ಲ. ದೊಡ್ಡ ಎಸ್ಟೇಟ್‌ಗಳನ್ನು ವಶಪಡಿಸಿಕೊಂಡರು, ಹಂಚಲಿಲ್ಲ. ಎಷ್ಟೋ ಕಡೆ ಹಳೆಯ ಮ್ಯಾನೇಜರುಗಳೇ ಉಸ್ತುವಾರಿಗೆ ಕೂತರು. ಹಳ್ಳಿಯವರು ಯಾಕೆ ಇವರ ಬೆನ್ನಿಗೆ ನಿಲ್ಲಲಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇಡೀ ಆಲ್ಬಮ್‌ನಲ್ಲಿ ನನಗೆ ಇಷ್ಟವಾದದ್ದು ನಾಲ್ಕನೆಯದು. ಆಗಸ್ಟ್ 1ಕ್ಕೆ ಕುನ್ ಸರ್ಕಾರ ಬಿತ್ತು, ರುಮೇನಿಯಾದ ಸೇನೆ ಬುಡಾಪೆಸ್ಟ್‌ಗೆ ನುಗ್ಗಿತು. ಅವರು ಹೋದ ಮೇಲೆ ನವೆಂಬರ್ 16ಕ್ಕೆ ಕುನ್ ವಿರೋಧಿಗಳ ಸೇನಾನಾಯಕ ಅಡ್ಮಿರಲ್ ಹೋರ್ತಿ ಬಿಳಿ ಕುದುರೆ ಏರಿ ಊರೊಳಗೆ ಬಂದ. ಕೆಂಪು ಅಚ್ಚಿನ ಸ್ಟ್ಯಾಂಪುಗಳು ರಾಶಿಗಟ್ಟಲೆ ಉಳಿದಿದ್ದವು. ಸುಡಲಿಲ್ಲ. 1920ರಲ್ಲಿ ಆ ಕೆಂಪು ಅಕ್ಷರಗಳ ಮೇಲೆ ಕಪ್ಪು ಶಾಯಿಯಲ್ಲಿ ಗೋಧಿ ತೆನೆಗಳ ಚಿತ್ರ ಒತ್ತಿ ಮಾರಿದರು. ಲೆನ್ಸ್ ಹಿಡಿದರೆ ತೆನೆಯ ಸಂದಿಯಲ್ಲಿ ಕೆಂಪು ಅಕ್ಷರ ಇಣುಕುತ್ತದೆ. ಅದೇ ವರ್ಷ ‘ರಾಯಲ್’ ಮರಳಿ ಬಂತು. ರಾಜ ಮಾತ್ರ ಬರಲಿಲ್ಲ. ಕಡಲಿಲ್ಲದ ದೇಶಕ್ಕೆ ಅಡ್ಮಿರಲ್ ಯಜಮಾನ, ರಾಜನಿಲ್ಲದ ರಾಜ್ಯ! ಇನ್ನು ಕೊಯ್ಲಿನವರ ಕಥೆ ಕೇಳಬೇಡಿ. 1920ರ ಭೂಸುಧಾರಣೆ ಅಷ್ಟಕ್ಕಷ್ಟೆ, ದೊಡ್ಡ ಎಸ್ಟೇಟ್‌ಗಳು 1945ರವರೆಗೂ ಅಲುಗಲಿಲ್ಲ.

ಈಗ ಕೈಯಲ್ಲಿರುವುದು ಐದನೆಯದು, ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಪರರ ವಶಕ್ಕೆ ಹೋದ ಊರುಗಳದ್ದು. ಇದು ಒಂದು ಹಾಳೆಯಲ್ಲಿ ಮುಗಿಯುವ ಮಾತಲ್ಲ. ಟ್ರಾನ್ಸಿಲ್ವೇನಿಯಾದಲ್ಲಿ ರುಮೇನಿಯಾದವರು ತಮ್ಮ ರಾಜ್ಯದ ಹೆಸರು ಮತ್ತು ‘ಬಾನಿ’ ಎಂಬ ತಮ್ಮ ನಾಣ್ಯ ಒತ್ತಿದರು. ಅರಾದ್‌ನಲ್ಲಿ ಫ್ರೆಂಚರು, ಬರಾನ್ಯಾದಲ್ಲಿ ಸರ್ಬರು. ಕ್ರೊಯೇಷಿಯಾದಲ್ಲಿ ಹೊಸ ಯುಗೊಸ್ಲಾವ್ ರಾಜ್ಯದ ಅಚ್ಚು. ಸೆಗೆದ್‌ನಲ್ಲಿ ಕುನ್‌ಗೆ ಎದುರಾಗಿ ಎದ್ದ ಹಂಗೆರಿಯದೇ ಇನ್ನೊಂದು ಸರ್ಕಾರ, ಹೋರ್ತಿ ಅಲ್ಲಿ ಯುದ್ಧಮಂತ್ರಿ. ಎಲ್ಲರೂ ಬಳಸಿದ್ದು ಇದೇ ರೈತರನ್ನು. 1920ರ ಜೂನ್ 4ಕ್ಕೆ ಟ್ರಿಯಾನನ್ ಒಪ್ಪಂದಕ್ಕೆ ಸಹಿ ಬಿದ್ದಾಗ ಹಂಗೆರಿಯ ಹಳೆಯ ನೆಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿತ್ತು. ಅಂಚೆಯ ಲೆಕ್ಕದಲ್ಲಿ ಅದು ಒಂದೂವರೆ ವರ್ಷ ಮೊದಲೇ ಹೋಗತೊಡಗಿತ್ತು.

ಈ ಹಾಳೆ ನಿಧಾನ ಆಗುತ್ತಿರುವುದಕ್ಕೆ ಕಾರಣ ನಕಲಿಗಳು. ಮೂಲ ಸ್ಟ್ಯಾಂಪ್ ಪುಡಿಗಾಸಿಗೆ ಸಿಗುತ್ತದೆ, ಅದರ ಮೇಲೆ ಅರಾದ್ ಅಥವಾ ಬರಾನ್ಯಾ ಅಂತ ಒತ್ತಿದರೆ ಬೆಲೆ ಏರುತ್ತದೆ. ಹಾಗಾಗಿ ಆ ಕಾಲದಿಂದಲೇ ನಕಲಿ ಅಚ್ಚು ಹಾಕುವವರಿಗೆ ಇದು ಒಳ್ಳೆಯ ಕಸುಬು. ಬಳಸಿದ ಸ್ಟ್ಯಾಂಪುಗಳಲ್ಲಿ ನಾನು ನೋಡುವುದು ಎರಡು. ಒಂದು, ಅಂಚೆ ಮುದ್ರೆ ಓವರ್‌ಪ್ರಿಂಟ್‌ನ ಮೇಲೆ ಬಿದ್ದಿರಬೇಕು. ಓವರ್‌ಪ್ರಿಂಟೇ ಮುದ್ರೆಯ ಮೇಲೆ ಕೂತಿದ್ದರೆ ಪಕ್ಕಕ್ಕಿಡಿ. ಎರಡು, ತಾರೀಖು. ಹಂಗೆರಿಯ ಮುದ್ರೆಯಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. 1917ರ ಮುದ್ರೆ ಬಿದ್ದ ಸ್ಟ್ಯಾಂಪಿನ ಮೇಲೆ 1919ರ ಸರ್ಕಾರದ ಹೆಸರು ಇರಲು ಹೇಗೆ ಸಾಧ್ಯ, ಅಲ್ವಾ? ಇಂಥವು ನಿಜಕ್ಕೂ ಸಿಗುತ್ತವೆ. ಬಳಸದ ಸ್ಟ್ಯಾಂಪುಗಳಿಗೆ ಈ ಉಪಾಯ ನಡೆಯದು. ಅಕ್ಷರದ ಆಕಾರ ಹೋಲಿಸುತ್ತಾ ಕೂರಬೇಕು, ಕಣ್ಣು ನೋಯುತ್ತದೆ.

ಫಿಯೂಮೆಯ ಹಾಳೆಗೆ ಸ್ಟ್ಯಾಂಪ್ ಸೇರಿಸುತ್ತಿದ್ದೇನೆ. ಈಗಿನ ಕ್ರೊಯೇಷಿಯಾದ ರಿಯೆಕಾ ಬಂದರು ಅದು. ಇಟಲಿಯ ಸೇನೆ ಅಲ್ಲಿದ್ದಾಗ, 1918ರ ಡಿಸೆಂಬರ್‌ನಲ್ಲಿ ಇದೇ ರೈತರ ಮೇಲೆ ಊರಿನ ಹೆಸರು ಒತ್ತಿದರು. ಮರುವರ್ಷ ಕವಿ ದಾನುಂಜಿಯೊ ತನ್ನ ಪಡೆ ಕಟ್ಟಿಕೊಂಡು ಊರನ್ನೇ ಹಿಡಿದ. ಆತನ ಮುಖದ ಸ್ಟ್ಯಾಂಪುಗಳು ಬೇರೆಯೇ ಇವೆ, ಅವು ನನಗೆ ಬೇಡ. ಅದಾದ ಮೇಲೆ 1921ರ ಪಶ್ಚಿಮ ಹಂಗೆರಿಯ ಬಂಡುಕೋರರ (ಆಸ್ಟ್ರಿಯಾಕ್ಕೆ ಹೋಗಬೇಕಿದ್ದ ನೆಲ ಬಿಡೆವೆಂದು ಎದ್ದವರು) ಅಚ್ಚು. ಅದರಲ್ಲೂ ನಕಲಿಗಳ ಕಾಟ ಇದೆ, ಆದ್ದರಿಂದ ಪರಿಣತರ ಸರ್ಟಿಫಿಕೇಟ್ ಇರುವುದನ್ನೇ ಕೊಳ್ಳುತ್ತೇನೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.