ಹಿಂದಿನ ಸಾಲಿನ ಹುಡುಗ

ಈ ವಾರ ಮಗಳ ಸ್ಕೂಲಿನಲ್ಲಿ ಪೊಲೀಸರ ಡ್ರಗ್ಸ್ ಜಾಗೃತಿ ಕಾರ್ಯಕ್ರಮ ಇತ್ತು. ಪೋಷಕರೂ ಬರಬಹುದು ಅಂದಿದ್ದರು, ಹೋದೆ. ಹೂಗುಚ್ಛ, ಬ್ಯಾನರ್ ಹಿಡಿದು ಫೋಟೋ, ಅದೆಲ್ಲ ಗೊತ್ತಿರುವುದೇ.

ಬಂದಿದ್ದ ಎಸ್‌ಐ ಘಟ್ಟದ ಮೇಲಿನವರು, ಚೆನ್ನಾಗಿ ಮಾತಾಡಿದರು. ಎಂಡಿಎಂಎ ಅನ್ನುವ ಡ್ರಗ್ಸಿನ ಫೋಟೋ ತೋರಿಸಿದರು, ನೋಡಿದರೆ ಥೇಟ್ ಕಲ್ಲುಸಕ್ಕರೆ ಚೂರು. 10 ಗ್ರಾಂ ದಾಟಿದರೆ ಕನಿಷ್ಠ 10 ವರ್ಷ ಜೈಲು ಅಂದಾಗ ಮಕ್ಕಳೆಲ್ಲ ಗಪ್‌ಚುಪ್.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸರ್, ಒಬ್ಬ ಫ್ರೆಂಡ್ ತೆಗೊಳ್ತಾನೆ ಅಂತ ಇಟ್ಕೊಳ್ಳಿ. ನಾವು ಬಂದು ಹೇಳಿದ್ರೆ ಅವನನ್ನು ಎಂತ ಮಾಡ್ತೀರಿ? ಒಳಗೆ ಹಾಕ್ತೀರಾ?"

ಎಸ್‌ಐ ಬಾಯಿ ತೆರೆಯುವ ಮೊದಲೇ ಒಬ್ಬರು ಮೇಷ್ಟ್ರು, "ಯಾವ ಫ್ರೆಂಡ್ ಮಾರಾಯ, ನೀನೆಯಾ?" ಅಂದರು. ಹಾಲ್ ಇಡೀ ನಗು. ಹುಡುಗ ಕೂತ. ಮೈಕ್ ಪ್ರತಿಜ್ಞೆಗೆ ಹೋಯಿತು, ಎಲ್ಲರೂ ಕೈ ಮುಂದೆ ಚಾಚಿದರು. ಅವನೂ ಚಾಚಿದ, ಅರ್ಧ.

ಮೇಷ್ಟ್ರು ಕೆಟ್ಟವರಲ್ಲ, ಎಲ್ಲದಕ್ಕೂ ಜೋಕ್ ಹೊಡೆಯುವ ಚಾಳಿ ಅಷ್ಟೆ. ಆದರೆ ಆ "ನೀನೆಯಾ" ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಇನ್ನು ಆ ಹಾಲಿನಲ್ಲಿದ್ದ ಯಾವ ಮಗು ಬಾಯಿ ಬಿಡುತ್ತದೆ ಹೇಳಿ? ಮಗಳು ಹೇಳಿದಳು, ಅವನಿಗೆ ಈಗ ಕ್ಲಾಸಿನಲ್ಲಿ 'ಫ್ರೆಂಡ್' ಅಂತಲೇ ಹೆಸರು ಬಿದ್ದಿದೆಯಂತೆ.

ಸಿಟ್ಟು ಬರುವುದು ಯಾಕೆಂದರೆ, ಅವನ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಉಂಟು. ಡ್ರಗ್ಸ್ ಕೇಸುಗಳಿಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವರು, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಾದರೆ, ತಾವಾಗಿಯೇ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಪಡೆದರೆ ಅವರ ಮೇಲೆ ಕೇಸ್ ನಡೆಸುವಂತಿಲ್ಲ. ಇನ್ನು 18 ತುಂಬದವರನ್ನು ಹಿಡಿದರೂ ಲಾಕಪ್ಪಿಗೆ, ಜೈಲಿಗೆ ಹಾಕುವಂತಿಲ್ಲ, ಅದು ಬಾಲನ್ಯಾಯ ಮಂಡಳಿ ನೋಡುವ ವಿಷಯ. ಮಕ್ಕಳಿಗೆ ಡ್ರಗ್ಸ್ ಕೊಟ್ಟವನಿಗೆ ಮಾತ್ರ 7 ವರ್ಷದವರೆಗೆ ಜೈಲು. ಹೆಸರು ಹೇಳದೆ ತಿಳಿಸಲು 1933 ಸಹಾಯವಾಣಿ ಇದೆ, ಮಕ್ಕಳಿಗೆ 1098 ಇದೆ. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ಫೋಟೋ ಸೆಶನ್ನಿಗಿಂತ ಜಾಸ್ತಿ ಅಂತೂ ಅಲ್ಲ.

ಬರೀ ಪೊಲೀಸ್ ಪಾಠದಿಂದ ಆಗುವಂತಿದ್ದರೆ ಅಮೆರಿಕದಲ್ಲಿ ಯಾವತ್ತೋ ಆಗಬೇಕಿತ್ತು. 1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಸ್ಕೂಲುಗಳಲ್ಲಿ ಶುರು ಮಾಡಿದ 'ಡೇರ್' ಅನ್ನುವ ಡ್ರಗ್ಸ್ ಜಾಗೃತಿ ಪಾಠ ದೇಶವಿಡೀ ಹಬ್ಬಿತು. ಆಮೇಲೆ ಸಂಶೋಧಕರು ನೋಡಿದರೆ, ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಪೋಷಕರ ಗ್ರೂಪಿನಲ್ಲಿ ಇದನ್ನೆಲ್ಲ ಬರೆದೆ. ಮೊದಲು ಬಂದ ರಿಪ್ಲೈ: "ಆ ಹುಡುಗ ಯಾರ ಮನೆಯವನು?"

ಹೆಡ್‌ಮಾಸ್ಟರಿಗೇ ಫೋನ್ ಮಾಡಿದೆ. ಅದೇ ಎಸ್‌ಐಯನ್ನು ಇನ್ನೊಮ್ಮೆ ಕರೆಸಿ, ಭಾಷಣ ಬೇಡ, ಮಕ್ಕಳು ಚೀಟಿಯಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಲಿ, ಅವರು ಉತ್ತರ ಕೊಡಲಿ ಅಂದೆ. "ನೋಡುವ" ಅಂದರು.