ಕಾಪುವಿನ ದೀಪ, ಉಡುಪಿಯ ಕೋಣೆ

9 ಜುಲೈ 2024, ಮಂಗಳವಾರ
ಉಡುಪಿ, ರಾತ್ರಿ 9:20

ಮಗಳು ಮಲಗಿದಳು. ಹೊರಗೆ ಸಂಜೆಯಿಂದ ಒಂದೇ ಸಮನೆ ಮಳೆ, ನಡುವೆ ಎರಡು ಸಲ ಕರೆಂಟು ಹೋಯಿತು. ಆದರೂ ಮಲಗಿದಳು. ಅದಕ್ಕೇ ಇವತ್ತು ಬರೆಯಲು ಕೂತೆ.

ಮೇ ಕೊನೆಗೆ ಅವಳ ಒಂದನೇ ಕ್ಲಾಸಿಗೆಂದು ಕಾಪುವಿನ ಅಮ್ಮನ ಮನೆಯಿಂದ ಇಲ್ಲಿಗೆ ಬಂದೆವು. ಅಲ್ಲಿ ಅಜ್ಜಿ ಪಕ್ಕ ಚಾಪೆಯಲ್ಲಿ ಮಲಗುತ್ತಿದ್ದವಳು. ಇಲ್ಲಿ ಕತ್ತಲಾದರೆ ಸಾಕು, ಹೊಟ್ಟೆನೋವು, ನೀರು, ಉಚ್ಚೆ, ಮತ್ತೆ ನೀರು. ಹತ್ತೂವರೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಏಳಬೇಕು. ಆರು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕಂತೆ, ಇವಳಿಗೆ ಎಂಟೂ ಆಗುತ್ತಿರಲಿಲ್ಲ. ಹೊಟ್ಟೆನೋವು ನೆಪ ಅಂತ ಮೊದಮೊದಲು ಗದರಿದ್ದೆ. ಹೆದರಿಕೆಗೆ ಮಕ್ಕಳಿಗೆ ನಿಜವಾಗಿಯೇ ಹೊಟ್ಟೆ ನೋಯುತ್ತದೆ. ಗದರಿದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ರಾತ್ರಿಗೆ ಒಂದು ಕ್ರಮ ಮಾಡಿಕೊಂಡೆ. ಏಳೂವರೆಗೆ ಗಂಜಿಯೂಟ. ಆಮೇಲೆ ಟಿವಿ, ಮೊಬೈಲು ಇಲ್ಲ, ನನಗೂ ಇಲ್ಲ. ಬಿಸಿನೀರಲ್ಲಿ ಕೈಕಾಲು ತೊಳೆದು, ಹಲ್ಲುಜ್ಜಿ, ಒಂದೇ ಒಂದು ಕತೆ. ಹೊತ್ತು ಸ್ವಲ್ಪ ಆಚೀಚೆ ಆದರೂ ಈ ಸಾಲು ತಪ್ಪಿಸುವುದಿಲ್ಲ. ಕರೆಂಟು ಹೋದರೆ ಚಾರ್ಜರ್ ಲೈಟಿನಲ್ಲೇ ಕತೆ.

ಇಷ್ಟಾದರೂ ನಾನು ಬಾಗಿಲು ದಾಟಿದ ಕೂಡಲೇ ಅಳು. ಒಂದು ರಾತ್ರಿ ಕೇಳಿದಳು, "ಅಮ್ಮಾ, ಇಲ್ಲಿ ದೀಪ ಯಾಕೆ ಬರೂದಿಲ್ಲ?"

ಆಗ ಹೊಳೆಯಿತು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಉಂಟಲ್ಲ, ಅದರ ಬೆಳಕು ಅಜ್ಜಿ ಮನೆಯ ಕಿಟಕಿಯಿಂದ ಗೋಡೆ ಸವರಿ ಹೋಗುತ್ತಿತ್ತು. ಹೋಗುತ್ತದೆ, ಆದರೆ ಮತ್ತೆ ಬಂದೇ ಬರುತ್ತದೆ. ಇವಳು ಅದನ್ನೇ ಕಾಯುತ್ತಾ ಕಾಯುತ್ತಾ ನಿದ್ದೆ ಹೋಗುತ್ತಿದ್ದಳು.

"ಹಾಗಾದ್ರೆ ನಾನೇ ಬರ್ತೇನೆ, ಎರಡು ನಿಮಿಷಕ್ಕೆ" ಅಂದೆ. ಗಡಿಯಾರ ನೋಡಿಕೊಂಡು ಸರಿಯಾಗಿ ಎರಡು ನಿಮಿಷಕ್ಕೆ ಹೋದೆ. ಕಾಲು ಮುಟ್ಟಿದೆ, ಮಾತಿಲ್ಲದೆ ಹೊರಗೆ ಬಂದೆ. ಕೆಲವು ದಿನ ಎರಡು, ಆಮೇಲೆ ಐದು. ನಡುವೆ ಒಂದು ರಾತ್ರಿ ಫೋನಿನಲ್ಲಿ ಮಾತಾಡುತ್ತಾ ಹದಿನೈದು ನಿಮಿಷ ಆಗಿಹೋಯಿತು. ಹೋಗಿ ನೋಡಿದರೆ ಹಾಸಿಗೆಯಲ್ಲಿ ಎದ್ದು ಕೂತಿದ್ದಾಳೆ. ಅಳುತ್ತಲೂ ಇಲ್ಲ, ಬಾಗಿಲನ್ನೇ ನೋಡುತ್ತಿದ್ದಾಳೆ. ಮರುದಿನ ಪುನಃ ಎರಡು ನಿಮಿಷದಿಂದಲೇ ಶುರು.

"ಒಟ್ಟಿಗೆ ಮಲಗಿಸಿದ್ರೆ ಆಯ್ತಲ್ಲ, ಎಂತಕ್ಕೆ ಇಷ್ಟೆಲ್ಲ?" ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ಒಟ್ಟಿಗೆ ಮಲಗುವುದರಲ್ಲಿ ತಪ್ಪೇನಿಲ್ಲ. ಆದರೆ ಇವಳ ತಮ್ಮ ಪಾಪು ರಾತ್ರಿ ಮೂರು ಸಲ ಎದ್ದು ಅಳುತ್ತಾನೆ, ಇವಳ ನಿದ್ದೆ ಪೂರ್ತಿ ಹಾಳು.

ಇವತ್ತು ಗುಡುಗಿಗೆ ಒಮ್ಮೆ ಕರೆದಳು. ಎರಡನೇ ಸಲ ಹೋದಾಗ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಅಮ್ಮಾ, ಇನ್ನು ಹತ್ತು ನಿಮಿಷ ಬಿಟ್ಟು ಬಾ, ಸಾಕು."

ಹತ್ತು ನಿಮಿಷಕ್ಕೆ ಹೋದೆ. ನಿದ್ದೆ ಬಂದಿತ್ತು. ಆದರೂ ಕಾಲು ಮುಟ್ಟಿ ಬಂದೆ.